ಒಂದೇ ಕಿಡ್ನಿಯವರ ಚಾರ್ಟು: ಕೋಡಿಂಗ್ ಮೇಜಿನ ಪಾಠಗಳು

ಬೆಂಗಳೂರಿನಲ್ಲಿ ಕೂತು ಅಮೆರಿಕದ ಆಸ್ಪತ್ರೆಗಳ ಚಾರ್ಟುಗಳಿಗೆ ಕೋಡ್ ಹಾಕುವ ಸಾವಿರಾರು ಜನರಲ್ಲಿ ನಾನೂ ಒಬ್ಬಳು. ಹಲವು ವರ್ಷ ಕೋಡರ್ ಆಗಿದ್ದವಳು ಈಗ ಬೇರೆಯವರು ಹಾಕಿದ ಕೋಡುಗಳನ್ನು ಪರಿಶೀಲಿಸುವ ಆಡಿಟ್ ವಿಭಾಗದಲ್ಲಿದ್ದೇನೆ. ಡಾಕ್ಟರು ಬರೆದ ಟಿಪ್ಪಣಿಯನ್ನು ಓದಿ, ಅದರಲ್ಲಿರುವ ಪ್ರತಿ ಕಾಯಿಲೆಗೂ ಪ್ರತಿ ಶಸ್ತ್ರಚಿಕಿತ್ಸೆಗೂ ನಿಗದಿಯಾದ ಸಂಕೇತ ಕೊಡುವುದು ಈ ಕೆಲಸ. ಅಲ್ಲಿನ ವಿಮಾ ಕಂಪನಿಗಳು ಮೊದಲು ನೋಡುವುದು ಈ ಸಂಕೇತಗಳನ್ನೇ. ರೋಗಿ ಮುಂದೆ ಯಾವ ಆಸ್ಪತ್ರೆಗೆ ಹೋದರೂ ಅವನ ಹಿಂದೆ ಹೋಗುವುದೂ ಇವೇ. 2015ರ ಅಕ್ಟೋಬರ್ 1ರಿಂದ ಅಮೆರಿಕದಲ್ಲಿ ರೋಗನಿದಾನಕ್ಕೆ ಐಸಿಡಿ-10-ಸಿಎಂ ಎಂಬ ಪಟ್ಟಿ ಬಳಕೆಯಲ್ಲಿದೆ. ಅದರಲ್ಲಿ ಎಪ್ಪತ್ತು ಸಾವಿರಕ್ಕೂ ಹೆಚ್ಚು ಕೋಡುಗಳಿವೆ. ಒಂದೇ ಕಿಡ್ನಿಯವರಿಗೆ ನೇರವಾಗಿ ಬೇಕಾಗುವುದು ಅದರಲ್ಲಿ ಬೆರಳೆಣಿಕೆಯಷ್ಟು. ಆದರೂ ಹೊಸಬರ ಕೆಲಸದಲ್ಲಿ ನಾನು ಮತ್ತೆ ಮತ್ತೆ ತಡೆದು ವಾಪಸ್ ಕಳಿಸುವ ಚಾರ್ಟುಗಳಲ್ಲಿ ಇವೂ ಸೇರಿರುತ್ತವೆ.

ತಪ್ಪು ಎರಡು ಬಗೆಯದು. ಆರೋಗ್ಯವಾಗಿರುವ ಮನುಷ್ಯನನ್ನು ಕಾಗದದ ಮೇಲೆ ಕಿಡ್ನಿ ರೋಗಿ ಮಾಡುವುದು ಒಂದು. ಅವನಿಗೆ ಇರುವುದು ಒಂದೇ ಕಿಡ್ನಿ ಎಂಬ ಸಂಗತಿಯನ್ನೇ ಕಾಗದದಿಂದ ಬಿಟ್ಟುಬಿಡುವುದು ಇನ್ನೊಂದು. ಎರಡರಿಂದಲೂ ರೋಗಿಗೆ ತೊಂದರೆಯಾಗುತ್ತದೆ. ಈ ಕೆಲಸಕ್ಕೆ ಬರುವವರಿಗೆ, ಒಂದೇ ಕಿಡ್ನಿಯಲ್ಲಿ ಬದುಕುತ್ತಿರುವವರಿಗೆ, ಅವರನ್ನು ನೋಡುವ ಡಾಕ್ಟರಿಗೆ ಉಪಯೋಗವಾದೀತೆಂದು ನಾನು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

1. ಹುಟ್ಟಿನಿಂದಲೇ ಇಲ್ಲವೋ, ಆಮೇಲೆ ಹೋಯಿತೋ?

ಮೊದಲು ಕೇಳಬೇಕಾದ ಪ್ರಶ್ನೆ ಇದು. ಹುಟ್ಟುವಾಗಲೇ ಒಂದು ಕಿಡ್ನಿ ಬೆಳೆದಿರಲಿಲ್ಲ ಎಂದರೆ ಕ್ಯೂ 60.0. ಇದು ಹುಟ್ಟಿನ ದೋಷಗಳ ಅಧ್ಯಾಯದ ಕೋಡ್. ಕ್ಯಾನ್ಸರಿಗೋ ಗಾಯಕ್ಕೋ ಸೋಂಕಿಗೋ ಶಸ್ತ್ರಚಿಕಿತ್ಸೆ ಮಾಡಿ ತೆಗೆದಿದ್ದರೆ, ಅಥವಾ ದಾನ ಕೊಟ್ಟಿದ್ದರೆ, ಝಡ್ 90.5. ಇದು ರೋಗದ ಕೋಡ್ ಅಲ್ಲ, ರೋಗಿಯ ಸ್ಥಿತಿಯನ್ನು ತಿಳಿಸುವ ಕೋಡ್. ಝಡ್ 90ರ ಕೆಳಗೆ ಸ್ಪಷ್ಟ ಸೂಚನೆಯಿದೆ: ಹುಟ್ಟಿನಿಂದ ಅಂಗವಿಲ್ಲದಿದ್ದರೆ ಇಲ್ಲಿಗೆ ಬರಬೇಡಿ. ಆದ್ದರಿಂದ ಒಂದೇ ಕಿಡ್ನಿಗೆ ಎರಡೂ ಕೋಡನ್ನು ಒಟ್ಟಿಗೆ ಹಾಕುವಂತಿಲ್ಲ.

ಒಂದು ಕಿಡ್ನಿ ಇಲ್ಲದೆ ಹುಟ್ಟುವುದು ನಾವಂದುಕೊಂಡಷ್ಟು ಅಪರೂಪವಲ್ಲ. ಸಾವಿರದಿಂದ ಎರಡು ಸಾವಿರ ಮಕ್ಕಳಿಗೆ ಒಬ್ಬರಂತೆ ಇದು ಕಾಣುತ್ತದೆ. ಹಲವರಿಗೆ ನಲವತ್ತು ಐವತ್ತು ವರ್ಷದವರೆಗೂ ಗೊತ್ತೇ ಇರುವುದಿಲ್ಲ. ಹೊಟ್ಟೆನೋವಿಗೆಂದು ಸ್ಕ್ಯಾನ್ ಮಾಡಿಸಿದಾಗ ತಿಳಿಯುತ್ತದೆ. ಅರವತ್ತರ ರೋಗಿಗೆ ಕ್ಯೂ ಕೋಡ್ ಹಾಕಲು ಹೊಸಬರು ಹಿಂಜರಿಯುತ್ತಾರೆ, ಅದು ಮಕ್ಕಳ ಅಧ್ಯಾಯವೆಂಬ ತಪ್ಪು ತಿಳಿವಳಿಕೆ. ಹುಟ್ಟಿನ ದೋಷ ಇರುವಷ್ಟು ಕಾಲ, ಜೀವನಪೂರ್ತಿ, ಆ ಅಧ್ಯಾಯದ ಕೋಡ್ ಬಳಸಬಹುದೆಂದು ಅಧಿಕೃತ ಮಾರ್ಗಸೂಚಿಯೇ ಹೇಳುತ್ತದೆ.

ಟಿಪ್ಪಣಿಯಲ್ಲಿ ಬರೀ ‘ಸಾಲಿಟರಿ ಕಿಡ್ನಿ’ ಎಂದಿದ್ದರೆ? ಹಳೆಯ ಶಸ್ತ್ರಚಿಕಿತ್ಸೆಗಳ ಪಟ್ಟಿ ನೋಡಿ, ದೇಹ ಪರೀಕ್ಷೆಯಲ್ಲಿ ಪಕ್ಕೆಯ ಮೇಲೆ ಹೊಲಿಗೆಯ ಗುರುತು ಬರೆದಿದ್ದಾರೆಯೇ ನೋಡಿ, ಸಿಟಿ ವರದಿಯಲ್ಲಿ ಸರ್ಜಿಕಲ್ ಕ್ಲಿಪ್ಪುಗಳ ಮಾತಿದೆಯೇ ನೋಡಿ. ಅವು ಸುಳಿವುಗಳು ಮಾತ್ರ. ಸುಳಿವಿನ ಮೇಲೆ ಕೋಡ್ ನಿಲ್ಲುವುದಿಲ್ಲ, ಡಾಕ್ಟರು ಬರೆದ ವಾಕ್ಯದ ಮೇಲೆ ನಿಲ್ಲುತ್ತದೆ. ವಾಕ್ಯವಿಲ್ಲದಿದ್ದರೆ ಕೇಳಬೇಕು.

ಒಂದು ಅಪರೂಪದ ಸಂದರ್ಭವನ್ನೂ ಹೇಳಿಬಿಡುತ್ತೇನೆ. ಹುಟ್ಟಿನಿಂದ ಒಂದೇ ಕಿಡ್ನಿಯಿದ್ದವರಿಗೆ ಆ ಒಂದಕ್ಕೂ ಕ್ಯಾನ್ಸರ್ ಬಂದು ಅದನ್ನೂ ತೆಗೆಯಬೇಕಾಗುತ್ತದೆ. ಆಗ ಎರಡೂ ಕೋಡ್ ನ್ಯಾಯವೇ, ಏಕೆಂದರೆ ಎರಡೂ ಬೇರೆ ಬೇರೆ ಕಿಡ್ನಿಯ ಕಥೆ. ಎರಡು ಸಂಗತಿಗಳಿಗೆ ಪರಸ್ಪರ ಸಂಬಂಧವಿಲ್ಲದಿದ್ದರೆ ಆ ನಿಷೇಧ ಅನ್ವಯಿಸುವುದಿಲ್ಲವೆಂದು ನಿಯಮದಲ್ಲೇ ಇದೆ. ಜೊತೆಗೆ ಡಯಾಲಿಸಿಸ್ ಮೇಲಿದ್ದರೆ ಕೊನೆಯ ಹಂತದ ಕಿಡ್ನಿ ರೋಗದ ಎನ್ 18.6, ಡಯಾಲಿಸಿಸ್ ಅವಲಂಬನೆಯ ಝಡ್ 99.2.

2. ಕಾಣಲಿಲ್ಲ ಎಂದರೆ ಇಲ್ಲ ಎಂದಲ್ಲ

ಅಲ್ಟ್ರಾಸೌಂಡ್ ವರದಿಯಲ್ಲಿ ‘ಎಡ ಕಿಡ್ನಿ ಕಾಣಿಸಲಿಲ್ಲ’ ಎಂದಿರುತ್ತದೆ. ಅವಸರದ ಕೋಡರ್ ಕ್ಯೂ 60.0 ಹಾಕಿ ಮುಂದಿನ ಚಾರ್ಟು ತೆರೆಯುತ್ತಾರೆ. ಆದರೆ ಕಿಡ್ನಿ ತನ್ನ ಜಾಗದಲ್ಲಿ ಕಾಣದಿರಲು ಹಲವು ಕಾರಣಗಳಿವೆ. ಭ್ರೂಣದಲ್ಲಿ ಕಿಡ್ನಿ ಸೊಂಟದ ಭಾಗದಲ್ಲಿ ಮೂಡಿ ಮೆಲ್ಲಗೆ ಮೇಲಕ್ಕೆ ಏರುತ್ತದೆ. ಏರುವುದು ಅರ್ಧಕ್ಕೇ ನಿಂತರೆ ಅದು ಸೊಂಟದಲ್ಲೇ ಉಳಿಯುತ್ತದೆ, ಕರುಳಿನ ಗಾಳಿಯ ಮರೆಯಲ್ಲಿ ಅಲ್ಟ್ರಾಸೌಂಡಿಗೆ ಸಿಗದೆ ಹೋಗಬಹುದು. ಅದಕ್ಕೆ ಕೋಡ್ ಕ್ಯೂ 63.2. ಎರಡೂ ಕಿಡ್ನಿ ಕೆಳತುದಿಯಲ್ಲಿ ಕೂಡಿಕೊಂಡು ಕುದುರೆ ಲಾಳದ ಆಕಾರ ತಾಳಿದ್ದರೆ ಕ್ಯೂ 63.1.

ಕಿಡ್ನಿ ಇದ್ದೂ ಚಿಕ್ಕದಾಗಿರಬಹುದು. ಹುಟ್ಟಿನಿಂದಲೇ ಪೂರ್ತಿ ಬೆಳೆಯದ ಒಂದು ಕಡೆಯ ಕಿಡ್ನಿಗೆ ಕ್ಯೂ 60.3, ಕಾರಣ ತಿಳಿಯದೆ ಒಂದು ಕಡೆ ಚಿಕ್ಕದಾಗಿದ್ದರೆ ಎನ್ 27.0; ರೋಗದಿಂದ ಸೊರಗಿ ಮುರುಟಿಕೊಂಡಿದ್ದರೆ ಎನ್ 26.1. ಮಗುವಾಗಿದ್ದಾಗ ನೀರುಗುಳ್ಳೆಗಳಿಂದ ತುಂಬಿದ್ದ ಕಿಡ್ನಿ, ಕೋಡಿನಲ್ಲಿ ಕ್ಯೂ 61.4, ವರ್ಷಗಳು ಕಳೆದಂತೆ ತಾನಾಗಿಯೇ ಕುಗ್ಗಿ ಮಾಯವಾಗುವುದುಂಟು. ಇಪ್ಪತ್ತರ ವಯಸ್ಸಿನಲ್ಲಿ ಸ್ಕ್ಯಾನ್ ಮಾಡಿದವರಿಗೆ ಅದು ಎಂದೂ ಇರಲೇ ಇಲ್ಲವೆಂದು ತೋರುತ್ತದೆ. ಇವುಗಳಲ್ಲಿ ಯಾವುದು ಎಂದು ತೀರ್ಮಾನಿಸುವುದು ಡಾಕ್ಟರ ಕೆಲಸ. ಅದಕ್ಕೆ ಡಿಎಂಎಸ್‌ಎ ಸ್ಕ್ಯಾನಿನಂಥ ಪರೀಕ್ಷೆಗಳಿವೆ.

‘ಕೆಲಸ ಮಾಡದ ಕಿಡ್ನಿ’ ಎಂದು ಬರೆದಿದ್ದರೂ ಝಡ್ 90.5 ಹಾಕಬಾರದು. ಕೆಲಸ ಮಾಡದ ಕಿಡ್ನಿ ದೇಹದಲ್ಲೇ ಇದೆ. ಅದಕ್ಕೆ ಸೋಂಕು ಬರಬಹುದು, ಅದರಿಂದ ರಕ್ತದೊತ್ತಡ ಏರಬಹುದು, ಮುಂದೊಂದು ದಿನ ಅದನ್ನು ತೆಗೆಯಬೇಕಾಗಬಹುದು. ತೆಗೆಯುವ ದಿನ ಕ್ಲೇಮ್ ಹೋದಾಗ, ‘ಈ ಕಿಡ್ನಿ ಆಗಲೇ ಇಲ್ಲವೆಂದು ನಿಮ್ಮ ದಾಖಲೆಯೇ ಹೇಳುತ್ತಿದೆಯಲ್ಲ’ ಎಂದು ವಿಮೆಯವರು ಕೇಳಿದರೆ ಉತ್ತರವಿರುವುದಿಲ್ಲ.

ಹೊರರೋಗಿಗಳ ಚಾರ್ಟಿನಲ್ಲಿ ‘ಇರಬಹುದು’, ‘ಶಂಕೆ’ ಎಂಬ ಪದಗಳ ಮೇಲೆ ಕೋಡ್ ಹಾಕುವಂತಿಲ್ಲ ಎಂಬ ನಿಯಮ ಇಲ್ಲಿ ಬಹಳ ಮುಖ್ಯ. ‘ಜನ್ಮತಃ ಇಲ್ಲದಿರಬಹುದು’ ಎಂದು ರೇಡಿಯಾಲಜಿ ವರದಿ ಹೇಳಿದರೆ ಅದು ಇನ್ನೂ ರೋಗನಿದಾನವಲ್ಲ.

3. ಝಡ್ 90.5 ಹೇಳುವುದು ಸ್ವಲ್ಪ, ಹೇಳದಿರುವುದು ಬಹಳ

ಈ ಕೋಡನ್ನು ಇಷ್ಟು ವರ್ಷ ನೋಡಿದ ಮೇಲೂ ನನಗೆ ಇದರ ಬಗ್ಗೆ ಒಂದು ಅಸಮಾಧಾನವಿದೆ. ಎಡವೋ ಬಲವೋ ಎಂದು ಅದು ಹೇಳುವುದಿಲ್ಲ. ಒಂದು ಹೋಗಿದೆಯೋ ಎರಡೂ ಹೋಗಿವೆಯೋ ಎಂದೂ ಹೇಳುವುದಿಲ್ಲ. ಗುಳ್ಳೆ ರೋಗಕ್ಕಾಗಿ ಎರಡೂ ಕಿಡ್ನಿ ತೆಗೆಸಿಕೊಂಡವರಿಗೂ ಇದೇ ಕೋಡ್. ಸೂಚಿಯಲ್ಲಿ ಅಂಗವಿಲ್ಲದಿರುವಿಕೆಯ ತಲೆಬರಹದ ಪಕ್ಕದಲ್ಲೇ ‘ಪೂರ್ಣ ಅಥವಾ ಭಾಗಶಃ’ ಎಂದಿರುವುದರಿಂದ ಕಿಡ್ನಿಯ ಒಂದು ತುಂಡು ಮಾತ್ರ ಕತ್ತರಿಸಿದವರಿಗೂ ಇದನ್ನು ಬಳಸುತ್ತಾರೆ. ಅಂಥವರಿಗೆ ಎರಡೂ ಕಿಡ್ನಿ ಇವೆ! ಹಾಗಾಗಿ ಝಡ್ 90.5 ಕಂಡ ಮಾತ್ರಕ್ಕೆ ‘ಇವರಿಗೆ ಒಂದೇ ಕಿಡ್ನಿ’ ಎಂದು ಯಾರೂ ನಿರ್ಧರಿಸಬಾರದು.

ಈ ಕೊರತೆಯನ್ನು ಜೊತೆಯ ಕೋಡುಗಳು ತುಂಬಬೇಕು. ಕ್ಯಾನ್ಸರಿಗೆ ಕಿಡ್ನಿ ತೆಗೆದು ಐದು ವರ್ಷವಾಗಿದೆ, ಚಿಕಿತ್ಸೆ ಮುಗಿದಿದೆ, ರೋಗದ ಸುಳಿವಿಲ್ಲ, ವಾರ್ಷಿಕ ತಪಾಸಣೆಗೆ ಬಂದಿದ್ದಾರೆ ಎಂದುಕೊಳ್ಳಿ. ಆಗ ಮೊದಲು ಕ್ಯಾನ್ಸರ್ ಚಿಕಿತ್ಸೆ ಮುಗಿದ ಮೇಲಿನ ತಪಾಸಣೆಯ ಝಡ್ 08, ಆಮೇಲೆ ಕಿಡ್ನಿ ಕ್ಯಾನ್ಸರಿನ ಇತಿಹಾಸ ಹೇಳುವ ಝಡ್ 85.528, ಆಮೇಲೆ ಝಡ್ 90.5. ಇಲ್ಲದಿರುವ ಅಂಗವನ್ನೂ ಹಳೆಯ ಕ್ಯಾನ್ಸರನ್ನೂ ಜೊತೆಗೆ ಸೇರಿಸಿ ಎಂದು ಝಡ್ 08ರ ಕೆಳಗೇ ಸೂಚನೆಯಿದೆ. ಮೂರೂ ಸೇರಿದರೆ ಕಥೆ ಪೂರ್ತಿ ಓದಲು ಸಿಗುತ್ತದೆ.

ಇದೇ ರೋಗಿಗೆ ಹಲವರು ಕಿಡ್ನಿ ಕ್ಯಾನ್ಸರಿನ ಸಿ 64.1 ಅಥವಾ ಸಿ 64.2 ಹಾಕಿ ಕಳಿಸುತ್ತಾರೆ, ಏಕೆಂದರೆ ಡಾಕ್ಟರ ಟಿಪ್ಪಣಿಯಲ್ಲಿ ‘ರೀನಲ್ ಸೆಲ್ ಕಾರ್ಸಿನೋಮಾ, ನೆಫ್ರೆಕ್ಟಮಿ ಆಗಿದೆ’ (ಕಿಡ್ನಿ ಕ್ಯಾನ್ಸರ್, ಕಿಡ್ನಿ ತೆಗೆಯಲಾಗಿದೆ) ಎಂಬ ಸಾಲು ಪ್ರತಿಸಲವೂ ಬರುತ್ತದೆ. ಗಡ್ಡೆ ಕತ್ತರಿಸಿಯಾಗಿ, ಆ ಜಾಗಕ್ಕೆ ಯಾವ ಚಿಕಿತ್ಸೆಯೂ ಉಳಿದಿಲ್ಲ, ರೋಗವೂ ಇಲ್ಲವೆಂದರೆ ಅದು ಇತಿಹಾಸ. ಇನ್ನೂ ಚಿಕಿತ್ಸೆ ನಡೆಯುತ್ತಿದ್ದರೆ ಮಾತ್ರ ಸಿ 64. ವಾಸಿಯಾದ ಮನುಷ್ಯನನ್ನು ವರ್ಷಗಟ್ಟಲೆ ಕ್ಯಾನ್ಸರ್ ರೋಗಿಯೆಂದು ದಾಖಲೆಯಲ್ಲಿ ಉಳಿಸುವುದು ಅನ್ಯಾಯ, ಅಮೆರಿಕದ ಮೆಡಿಕೇರ್ ಲೆಕ್ಕಪರಿಶೋಧನೆಯಲ್ಲಿ ದಂಡಕ್ಕೂ ದಾರಿ.

ಕೊನೆಯದಾಗಿ, ಕಿಡ್ನಿ ತೆಗೆಯುವ ಅಡ್ಮಿಷನ್ನಿನಲ್ಲೇ ಝಡ್ 90.5 ಹಾಕಬಾರದು. ಆ ಸಲದ ಕಥೆಯನ್ನು ಶಸ್ತ್ರಚಿಕಿತ್ಸೆಯ ಕೋಡೇ ಹೇಳುತ್ತದೆ. ಸ್ಥಿತಿಯ ಕೋಡ್ ಮುಂದಿನ ಭೇಟಿಯಿಂದ.

4. ದಾನಿ ರೋಗಿಯಲ್ಲ

1954ರ ಡಿಸೆಂಬರ್ 23ರಂದು ಬಾಸ್ಟನ್ನಿನ ಪೀಟರ್ ಬೆಂಟ್ ಬ್ರಿಗಂ ಆಸ್ಪತ್ರೆಯಲ್ಲಿ ಡಾ. ಜೋಸೆಫ್ ಮರ್ರಿ ಅವರ ತಂಡ ರೊನಾಲ್ಡ್ ಹೆರಿಕ್ ಅವರ ಕಿಡ್ನಿಯನ್ನು ಅವರ ಅವಳಿ ಸೋದರ ರಿಚರ್ಡ್‌ಗೆ ಕಸಿ ಮಾಡಿತು. ಯಶಸ್ವಿಯಾದ ಮೊದಲ ಕಿಡ್ನಿ ಕಸಿ ಅದು. ದಾನ ಕೊಟ್ಟ ರೊನಾಲ್ಡ್ ಗಣಿತದ ಮೇಷ್ಟ್ರಾಗಿ ಕೆಲಸ ಮಾಡಿ, ದಾನದ ನಂತರ 56 ವರ್ಷ ಬದುಕಿ 2010ರಲ್ಲಿ ತೀರಿಕೊಂಡರು. ದಾನಿಯ ಚಾರ್ಟು ಬಂದಾಗಲೆಲ್ಲ ಹೊಸಬರಿಗೆ ನಾನು ಇವರ ವಿಷಯ ಹೇಳುತ್ತೇನೆ.

ದಾನಿಯ ಪ್ರಯಾಣದಲ್ಲಿ ಮೂರು ಹಂತ, ಮೂರು ಕೋಡ್. ಕೊಡಬಹುದೇ ಎಂದು ಪರೀಕ್ಷೆಗೆ ಬಂದಾಗ ಝಡ್ 00.5. ಕೊಡುವ ದಿನ ಝಡ್ 52.4, ಜೊತೆಗೆ ಶಸ್ತ್ರಚಿಕಿತ್ಸೆಯ ಕೋಡ್. ಸರ್ಜನ್ ಲ್ಯಾಪರೊಸ್ಕೋಪಿಯಲ್ಲಿ ಮಾಡಿದ್ದರೆ ಸಿಪಿಟಿ ಪಟ್ಟಿಯ 50547. ಹೆಚ್ಚಾಗಿ ಎಡ ಕಿಡ್ನಿಯನ್ನೇ ತೆಗೆಯುತ್ತಾರೆ, ಅದರ ರಕ್ತನಾಳ ಉದ್ದವಿದ್ದು ಜೋಡಿಸಲು ಅನುಕೂಲ. ಕೊಟ್ಟು ಮನೆಗೆ ಹೋದ ಮೇಲಿನ ಎಲ್ಲ ಭೇಟಿಗಳಿಗೂ ಝಡ್ 90.5. ದಾನ ಕೊಟ್ಟು ಹತ್ತು ವರ್ಷವಾದವರಿಗೂ ಝಡ್ 52.4 ಹಾಕಿರುವುದನ್ನು ನೋಡಿದ್ದೇನೆ. ಅದು ಕೊಡುವ ಸಂದರ್ಭದ ಕೋಡ್, ಜೀವನಪೂರ್ತಿಯ ಬಿರುದಲ್ಲ.

ನಮ್ಮ ದೇಶದಲ್ಲಿ ಕಿಡ್ನಿ ಕಸಿಯ ಬಹುಪಾಲು ನಡೆಯುವುದು ಬದುಕಿರುವ ದಾನಿಗಳಿಂದ. ಅವರಲ್ಲಿ ಹೆಂಗಸರೇ ಹೆಚ್ಚು. ಮಗನಿಗೆ ಕೊಟ್ಟ ತಾಯಿ, ಗಂಡನಿಗೆ ಕೊಟ್ಟ ಹೆಂಡತಿ. ಕಸಿ ಮಾಡಿಸಿಕೊಂಡವರ ಫೈಲು ದಪ್ಪವಾಗುತ್ತಾ ಹೋಗುತ್ತದೆ, ಕೊಟ್ಟವರ ಫೈಲು ಹೊಲಿಗೆ ಬಿಚ್ಚಿದ ದಿನಕ್ಕೆ ಮುಗಿದುಹೋಗುವುದುಂಟು. ವರ್ಷಕ್ಕೊಮ್ಮೆ ಬಿಪಿ, ಕ್ರಿಯಾಟಿನಿನ್, ಮೂತ್ರದಲ್ಲಿ ಪ್ರೋಟೀನ್ ನೋಡಿಸಿಕೊಳ್ಳಬೇಕಾದವರು ಇವರು. ಕಾಗದದಲ್ಲಿ ಝಡ್ 90.5 ಇದ್ದರೆ ಮುಂದಿನ ಡಾಕ್ಟರಿಗೆ ಅಷ್ಟಾದರೂ ಗೊತ್ತಾಗುತ್ತದೆ.

5. ಪಡೆದವರು ಒಂದೇ ಕಿಡ್ನಿಯವರಲ್ಲ

‘ನನಗೆ ಕೆಲಸ ಮಾಡೋದು ಒಂದೇ ಕಿಡ್ನಿ’ ಎಂದು ಕಸಿ ಮಾಡಿಸಿಕೊಂಡವರು ಹೇಳುತ್ತಾರೆ, ನರ್ಸ್ ಅದನ್ನು ಹಾಗೇ ಬರೆಯುತ್ತಾರೆ, ಕೋಡರ್ ಝಡ್ 90.5 ಹಾಕುತ್ತಾರೆ. ಆದರೆ ಸಾಮಾನ್ಯವಾಗಿ ಹಳೆಯ ಎರಡು ಕಿಡ್ನಿಗಳನ್ನು ತೆಗೆಯುವುದೇ ಇಲ್ಲ. ಹೊಸದನ್ನು ಕಿಬ್ಬೊಟ್ಟೆಯ ಪಕ್ಕದಲ್ಲಿ ಕೂರಿಸುತ್ತಾರೆ. ಅವರ ದೇಹದಲ್ಲಿ ಮೂರು ಕಿಡ್ನಿಗಳಿವೆ. ಅವರಿಗೆ ಬೇಕಾದದ್ದು ಕಿಡ್ನಿ ಕಸಿಯಾಗಿದೆ ಎಂದು ತಿಳಿಸುವ ಝಡ್ 94.0. ಹಳೆಯದನ್ನು ತೆಗೆದದ್ದು ದಾಖಲೆಯಲ್ಲಿದ್ದರೆ ಮಾತ್ರ ಝಡ್ 90.5ನ್ನು ಸೇರಿಸಬೇಕು.

ಕಸಿಯಾದ ಕಿಡ್ನಿ ಪೂರ್ಣ ಸಾಮರ್ಥ್ಯದಲ್ಲಿ ಕೆಲಸ ಮಾಡದೆ ದೀರ್ಘಕಾಲದ ಕಿಡ್ನಿ ರೋಗ ಉಳಿದಿದ್ದರೆ ಎನ್ 18ರ ಕೋಡನ್ನೂ ಝಡ್ 94.0 ಜೊತೆ ಹಾಕಬಹುದು. ಅಷ್ಟಕ್ಕೇ ಅದು ಕಸಿಯ ತೊಡಕು ಆಗುವುದಿಲ್ಲ. ತಿರಸ್ಕಾರಕ್ಕೆ ಟಿ 86.11, ವೈಫಲ್ಯಕ್ಕೆ ಟಿ 86.12. ಇವೆರಡನ್ನೂ ಡಾಕ್ಟರು ಹಾಗೆಂದು ಬರೆದಾಗ ಮಾತ್ರ ಹಾಕಬೇಕು.

6. ಒಂದು ಕಿಡ್ನಿ ಇರುವುದೇ ಕಿಡ್ನಿ ರೋಗವಲ್ಲ

ಇಡೀ ಬರಹದಲ್ಲಿ ಒಂದೇ ಪಾಠ ನೆನಪಿಟ್ಟುಕೊಳ್ಳಿ ಎಂದರೆ ನಾನು ಇದನ್ನೇ ಹೇಳುತ್ತೇನೆ.

ಒಂದು ಕಿಡ್ನಿ ಹೋದಾಗ ಉಳಿದದ್ದು ಹಿಗ್ಗಿ, ತನ್ನ ಕೆಲಸವನ್ನು ಹೆಚ್ಚಿಸಿಕೊಳ್ಳುತ್ತದೆ. ದಾನ ಕೊಟ್ಟವರ ಒಟ್ಟು ಸೋಸುವ ಶಕ್ತಿ ಅರ್ಧಕ್ಕೆ ಇಳಿಯುವುದಿಲ್ಲ, ಮೊದಲಿದ್ದುದರ ಸುಮಾರು ಮೂರನೇ ಎರಡು ಭಾಗದ ಹತ್ತಿರ ನಿಲ್ಲುತ್ತದೆ. ದಾನಕ್ಕೆ ಮೊದಲು ಈ ಶಕ್ತಿಯ ಅಳತೆಯಾದ ಇಜಿಎಫ್‌ಆರ್ 90 ಇದ್ದವರಿಗೆ ಆಮೇಲೆ 58 ಬಂದರೆ ಆಶ್ಚರ್ಯವಿಲ್ಲ. ಆದರೆ ಲ್ಯಾಬಿನ ಕಂಪ್ಯೂಟರಿಗೆ ಇದು ತಿಳಿಯದು. 60ಕ್ಕಿಂತ ಕಡಿಮೆ ಕಂಡ ಕೂಡಲೇ ಅದು ಕೆಂಪಕ್ಷರದಲ್ಲಿ ಗುರುತು ಹಾಕುತ್ತದೆ. 45ರಿಂದ 59ರ ನಡುವೆ ಇದ್ದರೆ ದೀರ್ಘಕಾಲದ ಕಿಡ್ನಿ ರೋಗದ (ಸಿಕೆಡಿ) 3ಎ ಹಂತ, 30ರಿಂದ 44ರ ನಡುವೆ ಇದ್ದರೆ 3ಬಿ ಹಂತ ಎಂಬ ಕೋಷ್ಟಕ ಕೋಡರಿಗೂ ಬಾಯಿಪಾಠ. 2020ರ ಅಕ್ಟೋಬರಿನಿಂದ ಇವೆರಡಕ್ಕೂ ಎನ್ 18.31, ಎನ್ 18.32 ಎಂಬ ಬೇರೆ ಬೇರೆ ಕೋಡುಗಳೇ ಬಂದಿವೆ. ಕೈ ತಾನಾಗಿಯೇ ಅತ್ತ ಹೋಗುತ್ತದೆ.

ಹೋಗಬಾರದು. ಲ್ಯಾಬ್ ಅಂಕಿ ನೋಡಿ ಹಂತ ನಿರ್ಧರಿಸುವ ಅಧಿಕಾರ ಕೋಡರಿಗಿಲ್ಲ. ದೀರ್ಘಕಾಲದ ಕಿಡ್ನಿ ರೋಗವೆಂದರೆ ಮೂರು ತಿಂಗಳಿಗೂ ಮೀರಿ ಉಳಿದ ಕೊರತೆ. ಅದನ್ನು ಹೌದೆನ್ನುವುದೂ ಅಲ್ಲವೆನ್ನುವುದೂ ಡಾಕ್ಟರು. ಅವರು ಬರೆದಿದ್ದರೆ ಹಾಕಿ, ಬರೆಯದಿದ್ದರೆ ಬಿಡಿ, ಗೊಂದಲವಿದ್ದರೆ ಕೇಳಿ. ಉಳಿದ ಕಿಡ್ನಿ ದೊಡ್ಡದಾಗಿದೆ ಎಂದು ಸ್ಕ್ಯಾನಿನಲ್ಲಿ ಬಂದರೆ ಎನ್ 28.81 ಎಂಬ ಹಿಗ್ಗಿದ ಕಿಡ್ನಿಯ ಕೋಡನ್ನು ಹುಡುಕಿ ಹಾಕುವ ಉತ್ಸಾಹವೂ ಬೇಡ. ಆ ಹಿಗ್ಗು ಅದರ ಆರೋಗ್ಯದ ಲಕ್ಷಣ.

ರಕ್ತದೊತ್ತಡ ಇದ್ದರಂತೂ ಇನ್ನೊಂದು ಎಚ್ಚರ. ಐಸಿಡಿ-10-ಸಿಎಂ ನಿಯಮದಲ್ಲಿ ರಕ್ತದೊತ್ತಡವೂ ದೀರ್ಘಕಾಲದ ಕಿಡ್ನಿ ರೋಗವೂ ಒಟ್ಟಿಗಿದ್ದರೆ, ಬೇರೆ ಕಾರಣವೆಂದು ಡಾಕ್ಟರು ಬರೆಯದ ಹೊರತು, ಎರಡಕ್ಕೂ ನಂಟಿದೆ ಎಂದೇ ಭಾವಿಸಿ ಐ 12 ಗುಂಪಿನ ಕೋಡ್ ಹಾಕಬೇಕು. ಹಾಗಾಗಿ ಲ್ಯಾಬಿನ ಅಂಕಿಯಿಂದ ಹುಟ್ಟಿದ ಒಂದು ತಪ್ಪು ಎನ್ 18, ಸಾದಾ ಬಿಪಿಯ ಐ 10ನ್ನೂ ಕಿಡ್ನಿಗೆ ತಗುಲಿದ ಬಿಪಿಯನ್ನಾಗಿ ಮಾಡುತ್ತದೆ. ಒಂದು ತಪ್ಪು ಎರಡಾಯಿತು.

ಇದು ಅಮೆರಿಕದ ಮಾತಾಯಿತು, ನಮಗೇನು ಎನ್ನುವವರು ಇದನ್ನು ಗಮನಿಸಿ. 2019ರಲ್ಲಿ ನಮ್ಮ ವಿಮಾ ನಿಯಂತ್ರಕ ಐಆರ್‌ಡಿಎಐ ಆರೋಗ್ಯ ವಿಮೆಯಲ್ಲಿ ಶಾಶ್ವತವಾಗಿ ಹೊರಗಿಡಬಹುದಾದ ಕಾಯಿಲೆಗಳ ಪಟ್ಟಿ ಕೊಟ್ಟಿತು. ಅದರಲ್ಲಿ ದೀರ್ಘಕಾಲದ ಕಿಡ್ನಿ ರೋಗವಿತ್ತು, ಪಕ್ಕದಲ್ಲಿ ಎನ್ 17ರಿಂದ ಎನ್ 19 ಎಂಬ ಐಸಿಡಿ ಕೋಡೂ ಇತ್ತು. ಝಡ್ 90.5 ಇರಬೇಕಾದ ಜಾಗದಲ್ಲಿ ಅವಸರಕ್ಕೆ ಎನ್ 18.9 ಬರೆದ ಒಂದು ಡಿಸ್ಚಾರ್ಜ್ ಸಮರಿ, ಆರೋಗ್ಯವಂತ ದಾನಿಯ ವಿಮೆಗೆ ಎಷ್ಟು ದೊಡ್ಡ ಅಡ್ಡಿಯಾದೀತು ಎಂದು ಯೋಚಿಸಿ.

7. ಹಣ ತರದ ಕೋಡೇ ಜೀವ ಉಳಿಸಿದ ಕಾರಣವನ್ನು ಹೇಳುತ್ತದೆ

ಝಡ್ 90.5ಕ್ಕೆ ಮೆಡಿಕೇರಿನ ಅಪಾಯ ಲೆಕ್ಕಾಚಾರದಲ್ಲಿ ತೂಕವಿಲ್ಲ. ಅಡ್ಮಿಷನ್ನಿನ ದರವನ್ನೂ ಅದು ಏರಿಸುವುದಿಲ್ಲ. ಗಂಟೆಗೆ ಇಷ್ಟು ಚಾರ್ಟು ಎಂಬ ಗುರಿ ಬೆನ್ನ ಹಿಂದೆ ಇದ್ದಾಗ ಇಂಥ ಕೋಡುಗಳನ್ನೇ ಮೊದಲು ಬಿಡುತ್ತಾರೆ. ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ನನ್ನ ಮೇಜಿಗೆ ಬಂದ ಒಂದು ಚಾರ್ಟು ಹೇಳುತ್ತೇನೆ.

ರಾತ್ರಿ ತುರ್ತು ವಿಭಾಗಕ್ಕೆ ಬಂದ ರೋಗಿ. ಪಕ್ಕೆನೋವು, ಮಧ್ಯಾಹ್ನದಿಂದ ಮೂತ್ರವೇ ಬಂದಿಲ್ಲ. ಸಿಟಿಯಲ್ಲಿ ಬಲ ಮೂತ್ರನಾಳದಲ್ಲಿ ಆರು ಮಿಲಿಮೀಟರಿನ ಕಲ್ಲು, ಅದರ ಮೇಲಿನ ಕಿಡ್ನಿ ಊದಿಕೊಂಡಿದೆ, ಕ್ರಿಯಾಟಿನಿನ್ ಏರಿದೆ. ಯೂರಾಲಜಿಸ್ಟ್ ರಾತ್ರಿಯೇ ಬಂದು ಸ್ಟೆಂಟ್ ಹಾಕಿ, ಒಳರೋಗಿಯಾಗಿ ಸೇರಿಸಿಕೊಂಡಿದ್ದಾರೆ. ಕೋಡರ್ ಹಾಕಿದ್ದು: ಕಲ್ಲಿನಿಂದ ತಡೆಯಾಗಿ ಊದಿದ ಕಿಡ್ನಿಗೆ ಎನ್ 13.2, ಹಠಾತ್ ಕಿಡ್ನಿ ಹಾನಿಗೆ ಎನ್ 17.9. ಸ್ಟೆಂಟಿನ ಕೋಡೂ ಸರಿಯಿತ್ತು. ಮೇಲ್ನೋಟಕ್ಕೆ ತಪ್ಪೇನೂ ಇಲ್ಲ.

ವಿಮೆಯವರ ಪ್ರಶ್ನೆ ಬಂತು: ಆರು ಮಿಲಿಮೀಟರಿನ ಕಲ್ಲಿಗೆ ನಡುರಾತ್ರಿ ಸ್ಟೆಂಟ್ ಏಕೆ, ಅಡ್ಮಿಷನ್ ಏಕೆ? ಕೇಳುವುದರಲ್ಲಿ ತಪ್ಪಿಲ್ಲ. ಎರಡು ಕಿಡ್ನಿಯಿರುವವರಿಗೆ ಒಂದು ಕಡೆ ನಾಳ ಕಟ್ಟಿಕೊಂಡರೆ ಇನ್ನೊಂದು ಕಿಡ್ನಿ ನಿಭಾಯಿಸುತ್ತದೆ, ನೋವಿಗೆ ಔಷಧಿ ಕೊಟ್ಟು ಕಲ್ಲು ತಾನೇ ಇಳಿಯಲಿ ಎಂದು ಮನೆಗೆ ಕಳಿಸುವುದುಂಟು. ಉತ್ತರ ಶಸ್ತ್ರಚಿಕಿತ್ಸೆಗಳ ಹಳೆಯ ಪಟ್ಟಿಯ ನಾಲ್ಕನೇ ಸಾಲಿನಲ್ಲಿತ್ತು: ಬಾಲ್ಯದಲ್ಲಿ ಅಪಘಾತದ ನಂತರ ಎಡ ಕಿಡ್ನಿ ತೆಗೆಯಲಾಗಿದೆ. ಆ ಕಲ್ಲು ಕಟ್ಟಿದ್ದು ಅವರಿಗಿದ್ದ ಒಂದೇ ಕಿಡ್ನಿಯ ಒಂದೇ ದಾರಿಯನ್ನು. ಬೆಳಗಿನವರೆಗೆ ಕಾಯುವಂತಿರಲಿಲ್ಲ. ಝಡ್ 90.5 ಸೇರಿಸಿ, ಟಿಪ್ಪಣಿಯ ಆ ಸಾಲನ್ನು ಲಗತ್ತಿಸಿ ತಿದ್ದಿದ ಕ್ಲೇಮ್ ಕಳಿಸಿದೆವು. ಡಾಕ್ಟರು ಆ ರಾತ್ರಿ ಮಾಡಿದ್ದಕ್ಕೆಲ್ಲ ಅದೊಂದೇ ಸಾಲು ಕಾರಣ ಕೊಡುತ್ತಿತ್ತು.

ಕ್ಯಾನ್ಸರಿನಲ್ಲೂ ಹೀಗೆಯೇ. ಒಂದೇ ಕಿಡ್ನಿಯವರಿಗೆ ಗಡ್ಡೆ ಬಂದರೆ ಸರ್ಜನ್ ಕಷ್ಟಪಟ್ಟಾದರೂ ಗಡ್ಡೆಯಷ್ಟನ್ನೇ ಕತ್ತರಿಸಿ ಕಿಡ್ನಿ ಉಳಿಸಲು ನೋಡುತ್ತಾರೆ. ಸಿ 64ರ ಪಕ್ಕದಲ್ಲಿ ಕ್ಯೂ 60.0 ಅಥವಾ ಝಡ್ 90.5 ಇದ್ದರೆ ಏಕೆ ಹಾಗೆ ಮಾಡಿದರೆಂದು ಬೇರೆ ವಿವರಣೆ ಬೇಡ. ಅಮೆರಿಕದ ಕ್ಲೇಮಿನಲ್ಲಿ ಡಾಕ್ಟರ ಬಿಲ್ಲಿಗೆ ಹನ್ನೆರಡು ರೋಗನಿದಾನಗಳಿಗೆ ಜಾಗವಿದೆ, ಆಸ್ಪತ್ರೆಯ ಬಿಲ್ಲಿಗೆ ಇಪ್ಪತ್ತೈದಕ್ಕೆ. ಜಾಗ ಸಾಲದೆಂಬ ನೆಪ ನಿಲ್ಲುವುದಿಲ್ಲ.

8. ಟೆಂಪ್ಲೇಟಿನ ಮಾತನ್ನು ನಂಬಬೇಡಿ

ಈಗಿನ ಚಾರ್ಟುಗಳಲ್ಲಿ ಅರ್ಧಕ್ಕರ್ಧ ಮೊದಲೇ ಬರೆದಿಟ್ಟ ಸಾಲುಗಳು. ಶಸ್ತ್ರಚಿಕಿತ್ಸೆಯ ಪಟ್ಟಿಯಲ್ಲಿ ‘ಎಡ ನೆಫ್ರೆಕ್ಟಮಿ’ ಎಂದಿರುತ್ತದೆ, ಅದೇ ದಿನದ ಸ್ಕ್ಯಾನ್ ವರದಿಯಲ್ಲಿ ‘ಎರಡೂ ಕಿಡ್ನಿಗಳು ಸಹಜ ಗಾತ್ರದಲ್ಲಿವೆ’ ಎಂದಿರುತ್ತದೆ. ತೆಗೆದ ಕಿಡ್ನಿ ಸಹಜ ಗಾತ್ರದಲ್ಲಿ ಇರುವುದು ಹೇಗೆ? ವರದಿ ಬರೆದವರು ಟೆಂಪ್ಲೇಟಿನ ಸಾಲನ್ನು ಅಳಿಸಲು ಮರೆತಿದ್ದಾರೆ. ಇನ್ನೊಂದು ಕಡೆ ಒಂದು ವರ್ಷದ ಟಿಪ್ಪಣಿಯಲ್ಲಿ ಎಡ, ಮುಂದಿನ ವರ್ಷದ್ದರಲ್ಲಿ ಬಲ. ಆಮೇಲೆ ಆ ‘ಬಲ’ ಎಂಬುದೇ ನಕಲಾಗುತ್ತಾ ಹೋಗುತ್ತದೆ.

ಝಡ್ 90.5ಕ್ಕೆ ಎಡಬಲವಿಲ್ಲ, ನಮಗೇಕೆ ಇದರ ಉಸಾಬರಿ ಎಂದು ಕೆಲವರು ವಾದಿಸುತ್ತಾರೆ. ಒಪ್ಪಲಾರೆ. ಉಳಿದಿರುವ ಒಂದೇ ಕಿಡ್ನಿಯ ಕಡೆಗೆ ನಾಳೆ ಸರ್ಜನ್ ಕೈ ಹಾಕುವಾಗ ಓದುವುದು ಇದೇ ಚಾರ್ಟನ್ನು. ಎರಡು ಕಡೆ ಎರಡು ಮಾತಿದ್ದರೆ ಕೋಡ್ ಬದಲಾಗದಿದ್ದರೂ ಕೇಳಿಯೇ ಕಳಿಸಬೇಕು. ನಮ್ಮ ತಂಡದಲ್ಲಿ ನಾನು ಇದನ್ನು ಕಡ್ಡಾಯ ಮಾಡಿದ್ದೇನೆ.

9. ಕೇಳುವ ಕ್ರಮ

ಡಾಕ್ಟರಿಗೆ ಕಳಿಸುವ ಕ್ವೆರಿಯಲ್ಲಿ ಉತ್ತರವನ್ನು ತುರುಕಬಾರದು. ‘ಇವರಿಗೆ ಸಿಕೆಡಿ 3ಎ ಇದೆಯಲ್ಲವೇ?’ ಎಂದು ಕೇಳುವುದು ತಪ್ಪು. ಚಾರ್ಟಿನಲ್ಲಿ ಕಂಡದ್ದನ್ನು ಮೊದಲು ಇಡಿ: ಇಂಥ ದಿನದ ಇಜಿಎಫ್‌ಆರ್ ಇಷ್ಟು, ಆರು ತಿಂಗಳ ಹಿಂದೆ ಇಷ್ಟಿತ್ತು, ಎಡ ಕಿಡ್ನಿ ದಾನ ಕೊಟ್ಟದ್ದು ಇಂಥ ವರ್ಷ. ಆಮೇಲೆ ಆಯ್ಕೆಗಳು: ದೀರ್ಘಕಾಲದ ಕಿಡ್ನಿ ರೋಗ (ಹಂತ ತಿಳಿಸಿ), ದಾನದ ನಂತರದ ನಿರೀಕ್ಷಿತ ಬದಲಾವಣೆ, ರೋಗವಿಲ್ಲ, ಬೇರೆ, ಹೇಳಲಾಗದು. ಹಣದ ಮಾತು ಕ್ವೆರಿಯಲ್ಲಿ ಎಲ್ಲೂ ಬರಬಾರದು. ಹೀಗೆ ಕೇಳಿದರೆ ಡಾಕ್ಟರು ಉತ್ತರಿಸುತ್ತಾರೆ. ಅವರಿಗೂ ತಮ್ಮ ರೋಗಿಯ ದಾಖಲೆ ಸರಿಯಿರಬೇಕೆಂದೇ ಇರುತ್ತದೆ.

10. ನಮ್ಮೂರಿನ ಪುಸ್ತಕ ಬೇರೆ, ಮೂಲ ಒಂದೇ

ಭಾರತದಲ್ಲಿ ಬಳಸುವುದು ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10. ಅಮೆರಿಕದ್ದು ಅದನ್ನೇ ಹಿಗ್ಗಿಸಿ ಮಾಡಿಕೊಂಡದ್ದು. ಹಾಗಾಗಿ ಕ್ಯೂ 60.0, ಝಡ್ 90.5, ಝಡ್ 52.4, ಝಡ್ 94.0 ಎರಡರಲ್ಲೂ ಒಂದೇ. ಆದರೆ ಮೂಲ ಪಟ್ಟಿಯಲ್ಲಿ ಕಿಡ್ನಿ ಕ್ಯಾನ್ಸರಿಗೆ ಎಡಬಲವಿಲ್ಲದ ಸಿ 64 ಮಾತ್ರ, ಎನ್ 18.31, 18.32 ಇಲ್ಲ, ಎನ್ 18.3 ಅಷ್ಟೇ. ಅಮೆರಿಕದ ಚಾರ್ಟಿನಲ್ಲಿ ಪಳಗಿದವರು ಇಲ್ಲಿನ ಆಸ್ಪತ್ರೆಯ ಕೆಲಸ ಹಿಡಿದಾಗ ಇದನ್ನು ಗಮನಿಸಬೇಕು. 2022ರ ಜನವರಿ 1ರಿಂದ ಜಾರಿಗೆ ಬಂದಿರುವ ಐಸಿಡಿ-11ರಲ್ಲಿ ಮೂಲ ಕೋಡಿಗೆ ಎಡಬಲದಂಥ ವಿವರಗಳನ್ನು ಪೋಣಿಸಲು ಅವಕಾಶವಿದೆ. ಅದು ಆಸ್ಪತ್ರೆಗಳಿಗೆ ಬಂದು ನೆಲೆಯೂರಿದರೆ ನನ್ನ ಮೂರನೇ ಪಾಠದ ಅಸಮಾಧಾನ ಬಹಳಷ್ಟು ಕಡಿಮೆಯಾದೀತು.

ಅಲ್ಲಿಯವರೆಗೆ ಡಾಕ್ಟರಲ್ಲಿ ನನ್ನ ಕೋರಿಕೆ ಇಷ್ಟು. ಒಂದೇ ಕಿಡ್ನಿಯವರ ಡಿಸ್ಚಾರ್ಜ್ ಸಮರಿಯಲ್ಲಿ ನಾಲ್ಕು ಸಂಗತಿ ಬರೆಯಿರಿ: ಯಾವ ಕಡೆಯದು ಇಲ್ಲ, ಏಕೆ ಇಲ್ಲ, ಎಂದಿನಿಂದ ಇಲ್ಲ, ಉಳಿದದ್ದು ಹೇಗಿದೆ. ಎರಡು ಸಾಲು ಸಾಕು. ಒಂದೇ ಕಿಡ್ನಿಯಲ್ಲಿ ಬದುಕುತ್ತಿರುವ ಓದುಗರು ಆ ಎರಡು ಸಾಲನ್ನು ಕೇಳಿ ಬರೆಸಿಕೊಳ್ಳಿ. ಆ ಕಾಗದದ ಒಂದು ಪ್ರತಿ ಮನೆಯಲ್ಲಿರಲಿ, ಇನ್ನೊಂದು ನಿಮ್ಮ ಮೊಬೈಲಿನಲ್ಲಿರಲಿ. ಹಲ್ಲು ಕೀಳಿಸಲು ಹೋದರೂ, ಸಿಟಿ ಸ್ಕ್ಯಾನಿಗೆ ಬಣ್ಣದ ಇಂಜೆಕ್ಷನ್ ಕೊಡುವ ಮುಂಚೆಯೂ, ನೋವಿನ ಮಾತ್ರೆ ಬರೆಸಿಕೊಳ್ಳುವಾಗಲೂ ಅದನ್ನು ತೋರಿಸಿ.